ಮೋರ್ಯರ ಗುಡ್ಡ: ಹಿರೇಬೆಣಕಲ್ಲಿನ ಪ್ರಾಕ್ತನ ಗಿರಿಗ್ರಾಮ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯು ಕನ್ನಡ ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ಕವಿರಾಜಮಾರ್ಗಕಾರನು ಕನ್ನಡದ ತಿರುಳನ್ನು ನಾಲ್ಕು ಊರುಗಳ ನಡುವೆ ಗುರುತಿಸುವಾಗ ಕೊಪಣನಗರವನ್ನು ಅವುಗಳಲ್ಲೊಂದಾಗಿ ಎಣಿಸಿ ಅದಕ್ಕೆ ಮಹತ್ತೆಂಬ ವಿಶೇಷಣವನ್ನೂ ಕೊಟ್ಟಿರುವನು. ರನ್ನನು ಅತ್ತಿಮಬ್ಬೆಯ ಪಾವಿತ್ರ್ಯಕ್ಕೆ ಉಪಮಾನಗಳನ್ನು ಅರಸುವಾಗ ಕೊಪಣಾಚಲವನ್ನು ನೆನೆದನು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕ್ರಿ. ಶ. ೧೧೧೨ರಲ್ಲಿ ಎತ್ತಿಸಿದ ದೇಗುಲವನ್ನು ಅಲ್ಲಿಯ ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡಿದೆ. ಕುಕ್ಕನೂರಿನ ನವಲಿಂಗ ದೇವಾಲಯಗಳೂ ಆನೆಗೊಂದಿಯ ಕೋಟೆಯೂ ಪ್ರಸಿದ್ಧವಾಗಿಯೇ ಇವೆ. ಆದರೆ ಇವೆಲ್ಲವೂ ಬರವಣಿಗೆ ಬಲ್ಲವರ ಚರಿತ್ರೆ; ಅರಸನಿಗೋ ಬಸದಿಗೋ ಅಗ್ರಹಾರಕ್ಕೋ ಸೇರಿದ ಚರಿತ್ರೆ. ಅಕ್ಷರವನ್ನೇ ಅರಿಯದೆ, ಹೆಸರೊಂದನ್ನೂ ಬಿಟ್ಟುಹೋಗದೆ, ಗುಡ್ಡದ ನೆತ್ತಿಯ ಮೇಲೆ ತಲೆಮಾರುಗಳ ಕಾಲ ಬಾಳಿದ ಒಂದು ಹಳ್ಳಿಯೂ ಇದೇ ಸೀಮೆಯಲ್ಲಿ ಇದ್ದಿತು. ಅದರ ಸ್ಥಿತಿಗತಿಗಳು ಶಾಸನಗಳಿಂದ ತಿಳಿಯತಕ್ಕವಲ್ಲ; ಕಲ್ಲು, ನೀರು, ಮಣ್ಣು, ಬೂದಿ ಇವುಗಳಿಂದ ಊಹಿಸತಕ್ಕವು.

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು ೧೦ ಕಿಲೋಮೀಟರು ದೂರದಲ್ಲಿ ಹಿರೇಬೆಣಕಲ್ ಎಂಬ ಗ್ರಾಮವಿದೆ. ಅದರ ಬಳಿಯ ಗುಡ್ಡಗಳ ಸಾಲನ್ನು ಜನರು ಏಳು ಗುಡ್ಡಗಳೆಂದು ಕರೆಯುವರು. ಆ ಸಾಲಿನಲ್ಲಿ ಒಂದಕ್ಕೆ ಮೋರ್ಯರ ಗುಡ್ಡವೆಂದು ಹೆಸರು. ಕಾಲುದಾರಿಯು ಬಂಡೆಗಳ ಸಂದಿಯಲ್ಲಿ ಏರುತ್ತ ಹೋಗಿ, ಮೇಲೆ ತೆರೆದ ಬಯಲಿನಂಥ ಭೂಮಿಗೆ ಮುಟ್ಟುವುದು. ಅಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿ ಮಾಡಿದ ಕಲ್ಮನೆಗಳು ಓಣಿಗಳಲ್ಲಿ ಮನೆಗಳು ನಿಂತಂತೆ ನಿಂತಿವೆ. ಕೆಲವು ೮ರಿಂದ ೧೦ ಅಡಿಗಳಷ್ಟು ಎತ್ತರವಾದುವು; ಕೆಲವು ಅರ್ಧ ನೆಲದೊಳಗೆ ಹುಗಿದುವು; ಕೆಲವಕ್ಕೆ ಒಂದು ಪಕ್ಕದ ಕಲ್ಲಿನಲ್ಲಿ ದುಂಡನೆಯ ಕಿಂಡಿ; ಮತ್ತೆ ಕೆಲವಕ್ಕೆ ಸುತ್ತಲೂ ಗುಂಡುಗಳ ವೃತ್ತ. ಎಲ್ಲವೂ ಸೇರಿ ಸುಮಾರು ೪೦೦ ಎಂದು ಲೆಕ್ಕ. ಇವು ಶವಸಂಸ್ಕಾರಕ್ಕೆ ಸಂಬಂಧಿಸಿದವೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಕಾಲವನ್ನು ಸ್ಥೂಲವಾಗಿ ಕ್ರಿ. ಪೂ. ೮೦೦ರಿಂದ ಕ್ರಿ. ಪೂ. ೨೦೦ರವರೆಗೆ ಎಂದು ಇಟ್ಟುಕೊಳ್ಳುವರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಮೆಡೋಸ್ ಟೇಲರನು ಈ ಸ್ಥಳವನ್ನು ಕುರಿತು ತಿಳಿಸಿದನು. ಸುರಪುರದ ಬಾಲಕ ರಾಜನ ಕಾಲದಲ್ಲಿ ಅಲ್ಲಿಯ ಆಡಳಿತವನ್ನು ನೋಡಿಕೊಂಡ ಆತನಿಗೆ ಈ ದೋಆಬಿನ ಕಲ್ಗೋರಿಗಳಲ್ಲಿ ತೀರದ ಕುತೂಹಲವಿದ್ದಿತು. ಆಮೇಲೆ ಹೈದರಾಬಾದು ಸಂಸ್ಥಾನದ ಭೂಶಾಸ್ತ್ರಜ್ಞನಾದ ಲಿಯೊನಾರ್ಡ್ ಮನ್, ೧೯೭೫ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಅ. ಸುಂದರ, ಈಚೆಗೆ ಆಂಡ್ರ್ಯೂ ಬಾವರ್ ಇವರು ಕ್ರಮವಾಗಿ ಪರಿಶೀಲಿಸಿರುವರು.

ಮೊದಲು ಹೆಸರಿನ ವಿಚಾರ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಧರ್ಮಲಿಪಿಗಳು ೧೯೩೧ರಲ್ಲಿ ಬೆಳಕಿಗೆ ಬಂದುವು. ಮರುವರ್ಷವೇ ಟರ್ನರ್ ಪಂಡಿತನು ಅವನ್ನು ಸಂಪಾದಿಸಿ ಹೈದರಾಬಾದಿನ ಪುರಾತತ್ತ್ವ ಮಾಲಿಕೆಯಲ್ಲಿ ಪ್ರಕಟಿಸಿದನು. ಅಶೋಕನು ಮೌರ್ಯ, ಲಿಪಿಯಿರುವ ಊರಿಗೂ ಈ ಗುಡ್ಡಕ್ಕೂ ಒಂದು ದೀರ್ಘ ದಿನದ ನಡಿಗೆಯ ಅಂತರ, ಗುಡ್ಡದ ಹೆಸರು ಮೋರ್ಯರದು. ಇಷ್ಟು ಸಾಕು, ಮೌರ್ಯ ಸೈನಿಕರ ಪಾಳೆಯವೇ ಇಲ್ಲಿ ಬಿಟ್ಟಿತ್ತೆಂದು ಊಹೆ ಹರಿಯುವುದಕ್ಕೆ. ಶಬ್ದದ ದೃಷ್ಟಿಯಿಂದ ಇದರಲ್ಲಿ ಬಾಧಕವಿಲ್ಲವೆಂಬುದನ್ನೂ ಒಪ್ಪಬೇಕು. ಪ್ರಾಕೃತದಲ್ಲಿ ಔಕಾರವು ಓಕಾರವಾಗುವುದರಿಂದ ಮೌರ್ಯನು ಮೋರಿಯನೇ ಆಗುವನು. ತಮಿಳಿನ ಅಗನಾನೂರಿನಲ್ಲಿಯೂ ಗುಡ್ಡವನ್ನು ಕಡಿದು ರಥಕ್ಕೆ ದಾರಿಮಾಡಿದವರು ಮೋರಿಯರೆಂದೇ ಹೇಳಲ್ಪಟ್ಟಿರುವರು. ಆದರೆ ಶಬ್ದಸಾಮ್ಯವು ಕಾಲಸಾಮ್ಯವನ್ನು ತಂದುಕೊಡಲಾರದು. ಅಶೋಕನು ಆಳಿದುದು ಕ್ರಿ. ಪೂ. ಸು. ೨೬೮ರಿಂದ ೨೩೨ರವರೆಗೆ. ಈ ಕಲ್ಮನೆಗಳ ಪರಂಪರೆ ಆರಂಭವಾದಾಗ ಮಗಧದಲ್ಲಿ ಮೌರ್ಯವಂಶದ ಹೆಸರೇ ಇರಲಿಲ್ಲ. ಅಲ್ಲದೆ ಇಂಥ ಗೋರಿಗಳು ಮೈಸೂರು ಸೀಮೆಯಲ್ಲಿ ಕಂಡಲ್ಲಿಯೂ ಜನರು ಮೋರಿಯರ ಮನೆಯೆಂದೂ ಪಾಂಡವರ ಗುಡಿಯೆಂದೂ ಕರೆದುದುಂಟು. ಪಾಂಡವರ ಗುಡಿಯಲ್ಲಿ ಪಾಂಡವರು ಎಷ್ಟು ಮಟ್ಟಿಗೆ ಇದ್ದರೋ ಮೋರ್ಯರ ಮನೆಯಲ್ಲಿ ಮೌರ್ಯರೂ ಅಷ್ಟೇ ಮಟ್ಟಿಗೆ ಇದ್ದರು. ಕರ್ತೃವು ಮರೆತುಹೋದ ಪುರಾತನ ವಸ್ತುವಿಗೆ ಲೋಕವು ಕೇಳಿಬಲ್ಲ ಹಳೆಯ ಹೆಸರನ್ನು ಅಂಟಿಸುವುದು ವಾಡಿಕೆ. ಮೋರ್ಯರು ಕುಳ್ಳರಾಗಿದ್ದರೆಂಬ ಐತಿಹ್ಯವೂ ಹೀಗೆಯೇ ಹುಟ್ಟಿದುದು: ಕಿಂಡಿಯನ್ನು ಬಾಗಿಲೆಂದು ಭಾವಿಸಿದ ಮೇಲೆ ಒಳಗಿದ್ದವನು ಕುಳ್ಳನೆನ್ನದೆ ಗತ್ಯಂತರವಿಲ್ಲವಷ್ಟೆ.

ಆದರೂ ಈ ಐತಿಹ್ಯವನ್ನು ಕೇವಲ ನಗೆಗೀಡುಮಾಡಿ ಬಿಡತಕ್ಕದ್ದಲ್ಲ. ಹಳ್ಳಿಗರು ಇದನ್ನು ಸ್ಮಶಾನವೆನ್ನದೆ ಮನೆಗಳೆಂದರು. ಇಲ್ಲಿ ಜನ ಬಾಳಿದರೆಂದು ನಂಬಿದರು. ವಿದ್ವಾಂಸರೋ ಬಹುಕಾಲ ಗೋರಿಗಳನ್ನು ಎಣಿಸುವುದರಲ್ಲಿಯೇ ತೊಡಗಿ ಇದನ್ನು ಮೃತರ ನಗರವೆಂದು ಹೆಸರಿಟ್ಟು ಸುಮ್ಮನಾದರು. ಈ ಎರಡರಲ್ಲಿ ಹಳ್ಳಿಗರ ಮಾತಿಗೇ ಸತ್ಯವು ಹತ್ತಿರವಾಗಿದೆ. ಗುಡ್ಡದ ಮೇಲೆ ಗೋರಿಗಳ ಹೊರತಾದ ಎಡೆಗಳಲ್ಲಿ ಮಡಕೆಯ ಚೂರುಗಳು ಹರಡಿವೆ; ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಕಲ್ಲಿನ ಸಾಲುಗಳನ್ನಿಟ್ಟು ಮಟ್ಟಮಾಡಿದ ನೆಲೆಗಳಿವೆ. ಸತ್ತವರಿಗೆ ಅಡಿಗೆಯ ಮಡಕೆ ಒಂದೆರಡು ಸಾಕಾದೀತು. ಮಣ್ಣು ನಿಲ್ಲಿಸುವ ಒಡ್ಡು ಬೇಕಾಗದು. ಇದು ಈ ಒಂದೇ ಗುಡ್ಡದ ಮಾತಲ್ಲ. ತುಂಗಭದ್ರೆಯ ಉತ್ತರದಂಡೆಯಲ್ಲಿ ಆನೆಗೊಂದಿಯ ನೆರೆಯಲ್ಲಿರುವ ಕಡೆಬಾಗಿಲಿನ ಗುಡ್ಡದ ಮೇಲೆ ೨೦೦೩ರಿಂದೀಚೆಗೆ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಮೊದಲಾದವರು ಕರ್ನಾಟಕದ ಪುರಾತತ್ತ್ವ ಇಲಾಖೆಯವರೊಡಗೂಡಿ ನಡೆಸಿದ ಅಗೆತದಲ್ಲಿ ಇದೇ ಕಬ್ಬಿಣಯುಗದ ವಾಸದ ನೆಲೆಯೇ ದೊರೆತಿದೆ. ಇನ್ನೂ ಹಿಂದಕ್ಕೆ ಹೋದರೆ, ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಗುಡ್ಡಗಳಲ್ಲಿ ನಾಗರಾಜರಾಯರು ೧೯೬೩-೬೪ರಲ್ಲಿ ಬಂಡೆಗಳ ನಡುವೆ ದುಂಡು ಗುಡಿಸಲುಗಳ ನೆಲಗಟ್ಟುಗಳನ್ನು ಬಿಡಿಸಿ ತೋರಿಸಿದರು. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿಯೂ ಹಾಗೆಯೇ. ಆದುದರಿಂದ ಗುಡ್ಡವನ್ನೇರಿ ವಾಸಿಸುವುದು ಈ ನಾಡಿನಲ್ಲಿ ಹೊಸಶಿಲಾಯುಗದಿಂದ ಬಂದ ಸಂಪ್ರದಾಯ. ಬೆಣಕಲ್ಲಿನವರು ಅದನ್ನು ಮುಂದುವರಿಸಿದರು.

ಹಾಗಾದರೆ ಕೆಳಗೆ ವಿಶಾಲವಾದ ಬಯಲಿದ್ದೂ, ಕೆಲವು ಹರಿದಾರಿಗಳಲ್ಲಿ ಬತ್ತದ ನದಿಯಿದ್ದೂ, ಮನುಷ್ಯರು ಗುಡ್ಡದ ನೆತ್ತಿಗೆ ಏಕೆ ಏರಿದರು? ಶತ್ರುಭಯವೆಂಬ ಉತ್ತರವು ಎಲ್ಲರ ನಾಲಗೆಯ ಮೇಲಿದೆ. ಆದರೆ ಕೋಟೆಗಳ ಕಾಲವನ್ನು ಕೋಟೆಯಿಲ್ಲದ ಕಾಲದ ಮೇಲೆ ಹೊರಿಸುವುದು ಉಚಿತವಲ್ಲ. ಕಾರಣವನ್ನು ನೀರಿನಲ್ಲಿ ಹುಡುಕಬೇಕೆಂದು ತೋರುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು. ಅದೂ ನಾಲ್ಕಾರು ಹದಗಳಲ್ಲಿ ಸುರಿದು ಹೋಗುವಂಥದು. ಬಯಲಿನ ಎರೆಯ ಮಣ್ಣು ಮಳೆಗಾಲದಲ್ಲಿ ಕಾಲಿಡಗೊಡದು, ಬೇಸಗೆಯಲ್ಲಿ ಬಿರಿದು ಬಾಯ್ದೆರೆಯುವುದು. ಬಾವಿ ತೋಡುವ ಸಾಧನವೂ, ನದಿಯಿಂದ ಕಾಲುವೆ ಎತ್ತುವ ಸಂಘಟನೆಯೂ ಇನ್ನೂ ಬಾರದ ಕಾಲದಲ್ಲಿ ಬಯಲಿನವನು ನದಿಯ ದಂಡೆಯನ್ನು ಬಿಟ್ಟು ದೂರ ಸರಿಯಲಾರನು. ಬಂಡೆಯ ಗುಡ್ಡದಲ್ಲಾದರೋ ಬಿದ್ದ ಮಳೆ ಇಂಗದೆ ಹರಿದು ತಗ್ಗುಗಳಲ್ಲಿ ನಿಲ್ಲುವುದು. ಇಂಥ ಬಂಡೆಯ ತಗ್ಗಿಗೆ ಜನರು ದೊಣೆಯೆನ್ನುವರು. ದೊಣೆಯ ಅಂಚಿಗೆ ನಾಲ್ಕು ಕಲ್ಲನ್ನಿಟ್ಟರೆ ನೀರು ಒಂದು ಮೊಳ ಹೆಚ್ಚು ನಿಲ್ಲುವುದು. ಒಳಗಿನ ಪದರಗಲ್ಲನ್ನು ಎಬ್ಬಿಸಿ ತೆಗೆದರೆ ಮತ್ತೊಂದು ಮೊಳ.

ಮೋರ್ಯರ ಗುಡ್ಡದ ನಡುವೆ ಇರುವ ಕೆರೆಯ ಮರ್ಮವೂ ಇಲ್ಲಿಯೇ ಇದೆ. ಗೋರಿಗಳಿಗೆ ಬೇಕಾದ ಚಪ್ಪಡಿಗಳನ್ನು ಎಲ್ಲಿಂದಲೋ ಹೊತ್ತು ತಂದುದಲ್ಲ. ಗುಡ್ಡದ ಬಂಡೆಯೇ ಬಿಸಿಲು ಮಳೆಗಳಿಗೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಎದ್ದು ಬರುವ ಜಾತಿಯದು. ಹಾಗೆ ಎದ್ದ ಪದರವನ್ನು ಎಬ್ಬಿಸಿ ಉರುಳಿಸಿ ನಿಲ್ಲಿಸಿದಾಗ ಮೇಲೆ ಒಂದು ಮನೆಯೂ ಕೆಳಗೆ ಒಂದು ಗುಂಡಿಯೂ ಒಮ್ಮೆಗೇ ಸಿದ್ಧವಾಗುವುವು. ಕಲ್ಲಿನ ಗಣಿಯೂ ನೀರಿನ ಕೆರೆಯೂ ಒಂದೆಡೆಯಲ್ಲಿಯೇ ಇರುವುದನ್ನು ನೋಡಿದರೆ ಸತ್ತವರಿಗಾಗಿ ಪಟ್ಟ ಶ್ರಮವು ಬದುಕಿದವರ ದಾಹವನ್ನೂ ತಣಿಸಿತೆಂದು ಹೇಳಲಡ್ಡಿಯಿಲ್ಲ. ಬಾವರನು ಈ ಗುಡ್ಡಗಳ ನೀರಿನ ತಗ್ಗುಗಳನ್ನೂ ಮಣ್ಣಿನ ಒಡ್ಡುಗಳನ್ನೂ ಗೋರಿಗಳಷ್ಟೇ ಗಮನವಿಟ್ಟು ನೋಡಬೇಕೆಂದು ವಾದಿಸಿದುದು ಈ ಕಾರಣದಿಂದ ಬಹು ಉಚಿತವಾಗಿದೆ. ನೀರನ್ನು ಯಾರು ಕಟ್ಟಿದರೋ ಅವರಿಗೆ ದನವನ್ನು ನಿಲ್ಲಿಸಲು ಸಾಧ್ಯ. ದನವುಳ್ಳವನ ಮಾತು ಹಳ್ಳಿಯಲ್ಲಿ ನಡೆಯುವುದು.

ದನವೇ ಅವರ ಧನವಾಗಿದ್ದಿತು. ಬಳ್ಳಾರಿ ರಾಯಚೂರು ಸೀಮೆಗಳಲ್ಲಿ ಕುಡತಿನಿಯೇ ಮೊದಲಾದ ಕಡೆ ಕಾಣುವ ಬೂದಿಯ ದಿಬ್ಬಗಳು ಹೊಸಶಿಲಾಯುಗದವರು ಸೆಗಣಿಯನ್ನು ರಾಶಿಹಾಕಿ ಸುಟ್ಟುದರಿಂದ ಆದುವೆಂಬುದು ಈಗ ಸಿದ್ಧವಾದ ಮಾತು. ಹಿಂದಿನವರು ಅವನ್ನು ರಾಕ್ಷಸರ ಚಿತಾಭಸ್ಮವೆಂದುಕೊಂಡಿದ್ದರು. ಅದೇ ಗೋಪಾಲಕ ಸಂಪ್ರದಾಯದ ಮುಂದಿನ ತಲೆಮಾರು ಈ ಗುಡ್ಡದವರು. ಡುಬ್ಬದ ಹೋರಿಯು ಬಂಡೆಯ ಚಿತ್ರಗಳಲ್ಲಿ ಮತ್ತೆಮತ್ತೆ ಬರುವುದು ಅಕಸ್ಮಾತ್ತಲ್ಲ. ಕಾಳುಗಳಲ್ಲಿ ಹುರುಳಿ, ಹೆಸರು, ಧಾನ್ಯಗಳಲ್ಲಿ ಕೊರಲೆಯಂಥ ಕಿರುಧಾನ್ಯಗಳು ದಕ್ಷಿಣದ ಹೊಸಶಿಲಾಯುಗದಿಂದಲೂ ಬೆಳೆಯುತ್ತಿದ್ದುವೆಂದು ಡೋರಿಯನ್ ಫುಲ್ಲರನೇ ಮೊದಲಾದವರು ಸುಟ್ಟ ಬೀಜಗಳನ್ನು ಶೋಧಿಸಿ ತೋರಿಸಿರುವರು. ನೆಲ್ಲು ಬಂದುದು ಆಮೇಲೆ. ಇಂದು ಗಂಗಾವತಿಯು ನೆಲ್ಲಿನ ಕಣಜವೆನಿಸಿದ್ದರೆ ಅದು ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯ ಫಲ. ಗುಡ್ಡದ ಮೇಲಿನವನು ಉಂಡುದು ಹುರುಳಿಯ ಕಟ್ಟು ಕೊರಲೆಯ ಅನ್ನವೆಂದೇ ಇಟ್ಟುಕೊಳ್ಳಬೇಕು. ಈ ಎರಡೂ ಬಡನೆಲದಲ್ಲಿ, ಒಂದೆರಡು ಹದದ ಮಳೆಯಲ್ಲಿ ಬರುವ ಬೆಳೆಗಳು. ಬರಗಾಲವನ್ನು ಬಲ್ಲವರ ಆಯ್ಕೆ. ಕಬ್ಬಿಣವು ಈ ಕಾಲದಲ್ಲಿ ಬಳಕೆಗೆ ಬಂದಿದ್ದಿತು. ಆದರೆ ಕಲ್ಲಿನ ಉಪಕರಣಗಳು ಒಂದೇ ದಿನ ಮಾಯವಾಗಿ ಹೋದುವೆಂದು ತಿಳಿಯಲಾಗದು. ೧೯೪೭ರಲ್ಲಿ ವ್ಹೀಲರನು ಬ್ರಹ್ಮಗಿರಿಯಲ್ಲಿ ಅಗೆದಾಗ ನಯಗೊಳಿಸಿದ ಕಲ್ಗೊಡಲಿಯವರ ಸ್ತರವೂ ಕಬ್ಬಿಣದವರ ಸ್ತರವೂ ಒಂದರೊಳಗೊಂದು ಸೇರಿಕೊಂಡುದನ್ನು ಕಂಡನು.

ಗೋರಿಗಳ ವಿಷಯಕ್ಕೆ ಬಂದರೆ ಸಂಸ್ಕೃತಜ್ಞರಿಗೆ ಶತಪಥಬ್ರಾಹ್ಮಣದ ಹದಿಮೂರನೆಯ ಕಾಂಡವು ಒಡನೆಯೇ ನೆನಪಿಗೆ ಬರುವುದು. ದೈವಪ್ರಜೆಗಳು ಸ್ಮಶಾನವನ್ನು ಚತುರಸ್ರವಾಗಿಯೂ, ಆಸುರರೂ ಪ್ರಾಚ್ಯರೂ ಪರಿಮಂಡಲವಾಗಿಯೂ ಮಾಡುವರೆಂದು ಅಲ್ಲಿ ಹೇಳಿದೆ. ಸುತ್ತಲೂ ಕಲ್ಲುಗಳ ಪರಿಶ್ರಿತ್ತನ್ನು ಇಡಬೇಕೆಂದೂ, ವರ್ಣಕ್ಕೆ ತಕ್ಕಂತೆ ದಿಬ್ಬದ ಎತ್ತರವು ಬೇರೆಬೇರೆಯಾಗಿರಬೇಕೆಂದೂ ವಿಧಿಸಿದೆ. ಬೆಣಕಲ್ಲಿನಲ್ಲಿ ಚತುರಸ್ರವಾದ ಕೋಣೆಯೂ ಅದರ ಹೊರಗೆ ಪರಿಮಂಡಲವಾದ ವೃತ್ತವೂ ಒಂದೇ ಗೋರಿಯಲ್ಲಿ ಕೂಡಿವೆ! ಇದರಿಂದ ಇಲ್ಲಿಯವರು ವೈದಿಕರೆಂದಾಗಲಿ ಅಸುರರೆಂದಾಗಲಿ ನಿರ್ಣಯಿಸಹೊರಟರೆ ಅದು ಸಾಹಸವಾದೀತು. ಸಾಮ್ಯವು ಬಂಧುತ್ವವಲ್ಲ. ಆದರೆ ಬ್ರಾಹ್ಮಣಗ್ರಂಥವು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ: ಆ ಕಾಲದ ಭರತಖಂಡದಲ್ಲಿ ಸತ್ತವನ ಗೋರಿಯ ಆಕಾರವೂ ಎತ್ತರವೂ ಅವನು ಯಾರವನು, ಎಂಥವನು ಎಂಬುದನ್ನು ಹೇಳುವ ಗುರುತಾಗಿದ್ದುವು. ತಮಿಳಿನ ಮಣಿಮೇಖಲೆಯಲ್ಲಿ ಸುಡುವವರು, ಬಯಲಲ್ಲಿ ಬಿಡುವವರು, ಹೂಳುವವರು, ತಗ್ಗಿನಲ್ಲಿ ಮುಚ್ಚುವವರು, ಮಡಕೆಯಿಂದ ಕವಿಸುವವರು ಎಂದು ಒಂದೇ ಸ್ಮಶಾನದಲ್ಲಿ ಐದು ವಿಧದ ಸಂಸ್ಕಾರವನ್ನು ವರ್ಣಿಸಿದುದನ್ನೂ ಇದರೊಡನೆ ಹೋಲಿಸಬಹುದು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡತಕ್ಕದ್ದು. ಗೋರಿಗಳು ೪೦೦, ಕಾಲವು ೬೦೦ ವರ್ಷ. ಮೂರು ವರ್ಷಕ್ಕೆ ಎರಡು ಗೋರಿಗಳಾದುವು. ಕೇವಲ ನೂರು ಜನರ ಹಳ್ಳಿಯೆಂದು ಇಟ್ಟುಕೊಂಡು, ವರ್ಷಕ್ಕೆ ಮೂವರು ಸತ್ತರೆಂದರೂ ೬೦೦ ವರ್ಷಗಳಲ್ಲಿ ೧೮೦೦ ಜನ ಸಾಯಬೇಕು. ಒಂದೊಂದು ಗೋರಿಯಲ್ಲಿ ಹಲವರ ಅಸ್ಥಿಗಳನ್ನು ಇಟ್ಟಿರಬಹುದು. ಹಲವು ಗೋರಿಗಳು ಹಾಳಾಗಿಯೂ ಹೋಗಿರಬಹುದು. ಎಲ್ಲವೂ ಸಮಾನವಾದ ಕಾಲಾಂತರದಲ್ಲಿ ಎದ್ದುವೆಂದೂ ಹೇಳುವಂತಿಲ್ಲ. ಅಷ್ಟನ್ನೂ ಬಿಟ್ಟುಕೊಟ್ಟ ಮೇಲೆಯೂ ದೊಡ್ಡ ಕಲ್ಮನೆಯ ಗೌರವವು ಸತ್ತವರೆಲ್ಲರಿಗೂ ಸಲ್ಲಲಿಲ್ಲವೆಂಬ ಅನುಮಾನವು ಬಲಿಯುವುದು. ಆಳೆತ್ತರವನ್ನು ಮೀರಿದ ಚಪ್ಪಡಿಯನ್ನು ನಿಲ್ಲಿಸಿ ಅದರ ಮೇಲೆ ಮತ್ತೊಂದನ್ನು ಏರಿಸುವುದು ಒಂದು ಮನೆಯವರ ಕೈಲಾಗುವ ಕೆಲಸವಲ್ಲ. ಹತ್ತಾರು ಮನೆಗಳವರು ಕೂಡಬೇಕು, ಕೂಡಿದವರಿಗೆ ಅನ್ನವಿಕ್ಕಬೇಕು. ಅನ್ನವಿಕ್ಕಬಲ್ಲವನ ತಂದೆಗೆ ಹತ್ತಡಿಯ ಮನೆ. ಕಲ್ಲು ಹೊತ್ತವನ ತಂದೆಗೆ ನೆಲದೊಳಗಿನ ಸಣ್ಣ ಪೆಟ್ಟಿಗೆ, ಅಥವಾ ಅದೂ ಇಲ್ಲ. ಅರಸನೂ ಶಾಸನವೂ ಇಲ್ಲದ ಹಳ್ಳಿಯೆಂದ ಮಾತ್ರಕ್ಕೆ ಅಲ್ಲಿ ಹೆಚ್ಚು ಕಡಿಮೆಗಳು ಇರಲಿಲ್ಲವೆಂದು ಕವಿಗಳು ಬೇಕಾದರೆ ಭಾವಿಸಲಿ.

ಗುಡ್ಡದ ಬಂಡೆಗವಿಗಳಲ್ಲಿ ಕೆಮ್ಮಣ್ಣಿನ ಬಣ್ಣದಿಂದ ಬರೆದ ಚಿತ್ರಗಳಿವೆ: ಬೇಟೆಯಾಡುವವರು, ಸಾಲಾಗಿ ಕುಣಿಯುವವರು, ಜಿಂಕೆ, ನವಿಲು, ಕುದುರೆ, ಗೂಳಿ. ಇವೆಲ್ಲವೂ ಒಂದೇ ಕಾಲದವೆಂದು ತಿಳಿಯಬಾರದು. ಇನ್ನೊಂದು ವಿಶೇಷವೆಂದರೆ ಕಲ್ಲಿನ ನಗಾರಿ. ಸುಮಾರು ೧೦ ಮೀಟರು ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಳಾಕಾರದ ಕಲ್ಲು ಕುಳಿತಿದೆ. ಕೊರಡಿನಿಂದ ಬಡಿದರೆ ಅದರ ನಾದವು ಒಂದು ಕಿಲೋಮೀಟರಿನವರೆಗೆ ಕೇಳಿಸುವುದೆನ್ನುವರು. ಹೊಲದಲ್ಲಿ ಕೆಳಗೆ ಇದ್ದವರನ್ನು ಕರೆಯುವುದಕ್ಕೋ, ದನ ಕಾಯುವವರಿಗೆ ಅಪಾಯವನ್ನು ತಿಳಿಸುವುದಕ್ಕೋ, ಸಾವಿನ ಸುದ್ದಿಯನ್ನು ಸಾರುವುದಕ್ಕೋ ಅದು ಬಳಕೆಯಾದುದು? ಮೂರಕ್ಕೂ ಆಗಿರಬಹುದು. ಸಂಗನಕಲ್ಲಿನ ಬಳಿಯ ಕುಪ್ಪಗಲ್ಲಿನಲ್ಲಿಯೂ ಬಡಿದರೆ ನಾದಗೊಡುವ ಬಂಡೆಗಳುಂಟು. ಈ ಸೀಮೆಯವರು ಕಲ್ಲಿನ ದನಿಯನ್ನು ಬಲ್ಲವರಾಗಿದ್ದರು.

ಈ ಹಳ್ಳಿಯ ಕೊನೆಗಾಲಕ್ಕೂ ಅಶೋಕನ ಲಿಪಿಗೂ ಸಮಕಾಲೀನತೆ ಕೂಡಿಬರುವುದರಿಂದ, ಮೌರ್ಯಸಂಬಂಧವನ್ನು ಪೂರ್ಣವಾಗಿ ತಳ್ಳಿಹಾಕುವುದೂ ತಪ್ಪು. ಮೋರ್ಯರು ಮೌರ್ಯರಲ್ಲ, ಆದರೆ ಮೌರ್ಯನ ಮಾತನ್ನು ಕೇಳಿಸಿಕೊಂಡವರು ಆಗಿರಬಹುದು. ಮಸ್ಕಿ (೧೯೧೫), ಗವಿಮಠ, ಪಾಲ್ಕಿಗುಂಡು, ಬ್ರಹ್ಮಗಿರಿ, ನಿಟ್ಟೂರು, ಉಡೇಗೋಳ ಎಂದು ಈ ಸಣ್ಣ ಭೂಭಾಗದಲ್ಲಿ ಇಷ್ಟು ಲಿಪಿಗಳು ಒತ್ತೊತ್ತಾಗಿ ಇರುವುದು ಗಮನಾರ್ಹ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಆಜ್ಞೆ ಕಳುಹಿದರೆಂದು ಬ್ರಹ್ಮಗಿರಿಯ ಪಾಠವೇ ಹೇಳುವುದು. ಆ ಸುವರ್ಣಗಿರಿಯು ನಮ್ಮ ಕನಕಗಿರಿಯೇ ಎಂದು ಕೆಲವರು, ಮಸ್ಕಿಯ ಕಡೆಯದೆಂದು ಕೆಲವರು. ಯಾವುದಾದರೂ ಆಗಲಿ, ಚಿನ್ನದ ಹಟ್ಟಿಯು ದೂರವಿಲ್ಲ. ಕೊಪ್ಪಳದ ಲಿಪಿಯ ತಾತ್ಪರ್ಯದಲ್ಲಿ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪರಾಕ್ರಮದಿಂದ ಸ್ವರ್ಗವನ್ನು ಪಡೆಯಬಹುದೆಂಬ ಮಾತು ಇದೆ. ತಂದೆಯ ಗೋರಿಯ ಎತ್ತರದಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯುವ ಜನರ ನಡುವೆ ಈ ಮಾತನ್ನು ಪ್ರಾಕೃತ ಬಲ್ಲವನೊಬ್ಬನು ಓದಿ ನಾಡನುಡಿಯಲ್ಲಿ ಬಿಡಿಸಿ ಹೇಳಿದ್ದರೆ ಅದು ಕಲ್ಲು ಹೊರುವವನ ಕಿವಿಗೆ ಹೇಗೆ ಕೇಳಿಸಿರಬಹುದೆಂಬುದು ವಿಚಾರಾರ್ಹವಾದುದು.

ಲಿಪಿಕಾರನು ಎಂಥ ಬಂಡೆಯನ್ನು ಆಯ್ದುಕೊಂಡನೆಂಬುದನ್ನೂ ಇಲ್ಲಿ ಹೇಳಬೇಕು. ಕೊಪ್ಪಳದಲ್ಲಿ ಮಳೆಮಲ್ಲಪ್ಪನ ಗುಡ್ಡದ ಮೇಲೆ ಬೆಣಕಲ್ಲಿನ ಜಾತಿಯ ಕಲ್ಮನೆಗಳೇ ಇವೆ. ಅದರ ನೆರೆಯ ಪಾಲ್ಕಿಗುಂಡೋ, ನಿಂತ ಬಂಡೆಗಳ ಮೇಲೆ ಹಾಸುಗಲ್ಲೊಂದು ಕವಿದುಕೊಂಡು ದೂರದಿಂದ ಪಲ್ಲಕ್ಕಿಯ ಮೇನೆಯಂತೆ ತೋರುವುದರಿಂದ ಆ ಹೆಸರನ್ನು ಪಡೆದುದು. ಪಲ್ಲಕ್ಕಿಯನ್ನು ಕಾಣದ ಕಾಲದವರ ಕಣ್ಣಿಗೆ ಅದು ಪ್ರಕೃತಿಯೇ ಕಟ್ಟಿದ ಮಹಾ ಕಲ್ಮನೆಯಂತೆ ತೋರಿರಬೇಕು. ಅಂಥ ಎಡೆಗೆ ಜನ ಮೊದಲೇ ಕೂಡುತ್ತಿದ್ದರು. ರಾಜಾಜ್ಞೆಯು ಜನ ಕೂಡುವಲ್ಲಿಗೆ ಬಂದಿತು.

ಗುಡ್ಡದ ಹಳ್ಳಿಯು ಒಮ್ಮೆಗೇ ಹಾಳಾಯಿತೆನ್ನುವುದಕ್ಕೆ ಆಧಾರವಿಲ್ಲ. ಕ್ರಮೇಣ ಕೆರೆ ಬಾವಿಗಳ ವಿದ್ಯೆ ಬಯಲಿಗೆ ಬಂದು, ಎರೆಯ ಮಣ್ಣನ್ನು ಸೀಳುವ ಕಬ್ಬಿಣದ ಗುಳ ಕೈಗೆ ಬಂದ ಮೇಲೆ ಮಕ್ಕಳು ಕೆಳಗಿಳಿದರು, ಮುದುಕರು ಮೇಲುಳಿದರು, ಆಮೇಲೆ ಅವರೂ ಇಲ್ಲವಾದರು ಎಂದು ಊಹಿಸುವುದು ಯುಕ್ತ. ೧೯೫೫ರಿಂದ ಈ ಸ್ಥಳವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ೨೦೨೧ರಲ್ಲಿ ವಿಶ್ವಪರಂಪರೆಯ ತಾಣಗಳ ಸಂಭಾವ್ಯ ಪಟ್ಟಿಯಲ್ಲಿ ಇದರ ಹೆಸರು ಸೇರಿತು. ನಿಧಿಯ ಆಸೆಯಿಂದ ಕಲ್ಮನೆಗಳನ್ನು ಕೆಡಹುವವರಿಗೆ ಇವೆರಡೂ ತಿಳಿದಿರಲಾರವು. ಅವರಿಗೆ ಅಲ್ಲಿ ದೊರೆಯತಕ್ಕುದು ಮಡಕೆಯ ಚೂರುಗಳೇ. ಬೆಣಕಲ್ಲಿನ ಚರಿತ್ರೆಯೂ ಆ ಚೂರುಗಳಲ್ಲಿಯೇ ಇದೆ, ಅವುಗಳನ್ನು ಇದ್ದ ಸ್ಥಳದಿಂದ ಕದಲಿಸದಿರುವ ತನಕ.